ಸಂದರ್ಶನ ಮುಗಿಸಿ ಬಂದ ಮಕ್ಕಳನ್ನು ವಿಚಾರಣೆಗೆ ನಿಲ್ಲಿಸಬೇಡಿ: ಕರಾವಳಿಯ ಹೆತ್ತವರಿಗೂ ಸಂದರ್ಶನ ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹೆತ್ತವರೇ, ಬಂಧುಗಳೇ, ಪಿಯು ಕಾಲೇಜುಗಳ ನನ್ನ ಸಹೋದ್ಯೋಗಿಗಳೇ, ಹಾಗೂ ವೈದ್ಯಕೀಯ ಪ್ರವೇಶದ ಸಂದರ್ಶನ ಸಮಿತಿಗಳಲ್ಲಿ ಕೂರುವ ಹಿರಿಯ ವೈದ್ಯರೇ,

ಮಂಗಳೂರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು. ಡಾಕ್ಟರ್ ಆಗಬೇಕೆಂದು ಹೊರಟ ಮಕ್ಕಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಪರೀಕ್ಷೆಗೆ ಮುಂಚೆ ಈ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಟಿವಿ ಬಂದ್ ಆಗುತ್ತದೆ. ಮದುವೆ-ಗೃಹಪ್ರವೇಶಗಳಿಗೆ ಅಪ್ಪ ಒಬ್ಬರೇ ಹೋಗಿ ಮುಖ ತೋರಿಸಿ ಬರುತ್ತಾರೆ. ಕಟೀಲಿಗೋ, ಅತ್ತೂರಿಗೋ, ಉಳ್ಳಾಲದ ದರ್ಗಾಕ್ಕೋ ಹರಕೆ ಹೇಳಿಕೊಂಡಾಗಿರುತ್ತದೆ. ಆದರೆ ಸಂದರ್ಶನ ಮುಗಿಸಿ ಮನೆಗೆ ಬಂದ ಮಗುವಿನ ಜೊತೆ ಹೇಗಿರಬೇಕು ಎಂಬ ವಿಷಯದಲ್ಲಿ ನಾವು ತೀರಾ ಹಿಂದಿದ್ದೇವೆ. ಆ ಮಕ್ಕಳ ಮನಸ್ಸಿನಲ್ಲಿ ಆಗ ಏನು ನಡೆಯುತ್ತಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡುತ್ತ ಬಂದವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಎಂಬಿಬಿಎಸ್‌ಗೆ ಈಗ ಸಂದರ್ಶನ ಎಲ್ಲಿದೆ, ಎಲ್ಲ ನೀಟ್ ಅಲ್ಲವೇ ಎಂದು ನೀವು ಕೇಳಬಹುದು. ಹೌದು, 2016ರಿಂದ ಈಚೆಗೆ ದೇಶದ ಬಹುಪಾಲು ಸೀಟುಗಳು ನೀಟ್ ರಾಂಕ್ ಮತ್ತು ಕೌನ್ಸೆಲಿಂಗ್ ಮೂಲಕವೇ ತುಂಬುತ್ತವೆ. ಮಣಿಪಾಲದ ಕಾಲೇಜಾಗಲಿ, ಕಂಕನಾಡಿ, ದೇರಳಕಟ್ಟೆ, ಮುಕ್ಕದ ಕಾಲೇಜುಗಳಾಗಲಿ, ಮಗುವನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ ಸೀಟು ಕೊಡುವುದಿಲ್ಲ. ಆದರೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ಇಂದಿಗೂ ಸಂದರ್ಶನ ಮಾಡುತ್ತದೆ. ನೀಟ್ ಅಂಕದ ಮೇಲೆ ಸೀಟಿನ ಸುಮಾರು ಹತ್ತು ಪಟ್ಟು ಮಂದಿಯನ್ನು ಕರೆದು, ಇಂಗ್ಲಿಷ್ ಗ್ರಹಿಕೆ ಮತ್ತು ತರ್ಕದ ಒಂದು ಪರೀಕ್ಷೆ, ಒಂದು ಮನೋವೈಜ್ಞಾನಿಕ ಪರೀಕ್ಷೆ, ಆಮೇಲೆ ಸಮಿತಿಯ ಮುಂದೆ ಸಂದರ್ಶನ, ಕೊನೆಗೆ ದೇಹ ತಪಾಸಣೆ. ಕೊಲ್ಲಿಯಲ್ಲೋ ಇಂಗ್ಲೆಂಡಿನಲ್ಲೋ ನೆಂಟರಿರುವ ನಮ್ಮ ಮಕ್ಕಳು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳ ಕಾಲೇಜುಗಳಿಗೂ ಅರ್ಜಿ ಹಾಕುತ್ತಾರೆ. ಬ್ರಿಟನ್ನಿನಲ್ಲಂತೂ ಸಂದರ್ಶನವಿಲ್ಲದೆ ವೈದ್ಯಕೀಯ ಸೀಟು ಸಿಗುವುದೇ ಅಪರೂಪ. ಇಂಥ ಮಕ್ಕಳ ಸಂಖ್ಯೆ ದೊಡ್ಡದಲ್ಲ. ಅದಕ್ಕೇ ಅವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ನೀಟ್ ಬರೆದವನಿಗೆ ತರಗತಿ ತುಂಬ ಜೊತೆಗಾರರಿರುತ್ತಾರೆ. ಸಂದರ್ಶನಕ್ಕೆ ಹೋಗಿ ಬಂದವಳಿಗೆ ಇಡೀ ಕಾಲೇಜಿನಲ್ಲಿ ತನ್ನಂಥವಳು ಇನ್ನೊಬ್ಬಳು ಸಿಕ್ಕರೆ ಹೆಚ್ಚು.

ನಮ್ಮ ಮಕ್ಕಳು ಎಂಥ ಜಗತ್ತಿನಿಂದ ಆ ಕೋಣೆಯೊಳಗೆ ಹೋಗುತ್ತಾರೆ ಎಂಬುದನ್ನು ಮೊದಲು ನೋಡಬೇಕು. ದ್ವಿತೀಯ ಪಿಯು ಫಲಿತಾಂಶದಲ್ಲಿ ಮೊದಲ ಎರಡು ಸ್ಥಾನ ನಮ್ಮ ಎರಡು ಜಿಲ್ಲೆಗಳಿಗೇ ಎಂಬುದು ರಾಜ್ಯಕ್ಕೆಲ್ಲ ಗೊತ್ತಿರುವ ವಿಷಯ. 2024ರಲ್ಲಿ ದಕ್ಷಿಣ ಕನ್ನಡ ಶೇ 97.37, ಉಡುಪಿ ಶೇ 96.80. ಅಂಕದ ಲೆಕ್ಕಾಚಾರದಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಿದ್ದರೆ ನಾಲ್ಕು, ತಪ್ಪಿದರೆ ಒಂದು ಕಳೆ. ಪರೀಕ್ಷೆ ಮುಗಿದ ಸಂಜೆಯೇ ಕೋಚಿಂಗ್ ಕೇಂದ್ರಗಳ ಕೀ ಉತ್ತರ ಮೊಬೈಲಿಗೆ ಬಂದಿರುತ್ತದೆ. ರಾತ್ರಿ ಊಟದ ಹೊತ್ತಿಗೆ ಮಗುವಿಗೆ ತನ್ನ ಅಂಕ ಹೆಚ್ಚುಕಡಿಮೆ ಗೊತ್ತು. ಆಮೇಲೆ ಅಧಿಕೃತ ಕೀ ಉತ್ತರ ಬರುತ್ತದೆ, ತನ್ನದೇ ಓಎಂಆರ್ ಹಾಳೆಯ ಪ್ರತಿ ನೋಡಲು ಸಿಗುತ್ತದೆ, ಉತ್ತರ ತಪ್ಪೆನಿಸಿದರೆ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ನೋವಾದರೂ ಅದಕ್ಕೆ ಒಂದು ಸಂಖ್ಯೆ ಇದೆ, ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು.

ಎರಡು ವರ್ಷ ಹೀಗೆ ಬೆಳೆದ ಮಗು ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಾಲ್ಕೈದು ಮಂದಿ ಹಿರಿಯರ ಎದುರು ಕೂರುತ್ತದೆ. ಅವರು ಕೇಳುತ್ತಾರೆ, ಇವಳು ಹೇಳುತ್ತಾಳೆ, "ಥ್ಯಾಂಕ್ ಯೂ, ಯು ಮೇ ಗೋ" ಎನ್ನುತ್ತಾರೆ, ಬಾಗಿಲು ಮುಚ್ಚುತ್ತದೆ. ಕೀ ಉತ್ತರ ಎಂಬುದೇ ಇಲ್ಲ. ಎಷ್ಟು ಅಂಕ ಬಿತ್ತು, ಯಾವ ಮಾತಿಗೆ ಬಿತ್ತು, ಯಾವ ಮಾತಿಗೆ ಹೋಯಿತು ಎಂದು ಯಾರೂ ಹೇಳುವುದಿಲ್ಲ. ಮಗುವಿನ ಕಳವಳ ಆರಂಭವಾಗುವುದೇ ಇಲ್ಲಿಂದ. ಬೇರೆ ಯಾರೂ ಕೀ ಉತ್ತರ ಕೊಡದಿದ್ದಾಗ ಅವಳೇ ಒಂದನ್ನು ತಯಾರಿಸಲು ಕೂರುತ್ತಾಳೆ. ಅದಕ್ಕೆ ಬೇಕಾದ ಸಾಮಗ್ರಿ ಎಲ್ಲಿಂದ? ಸಮಿತಿಯವರ ಮುಖದಿಂದ. ಮಧ್ಯದಲ್ಲಿ ಕೂತವರು ಒಮ್ಮೆಯೂ ನಗಲಿಲ್ಲ. ಬಲಗಡೆಯ ಮೇಡಂ ನಾನು ಮಾತಾಡುವಾಗ ಏನೋ ಬರೆದುಕೊಂಡರು. ನನ್ನನ್ನು ಬೇಗ ಕಳಿಸಿದರು, ನನ್ನ ಹಿಂದಿನವನನ್ನು ತುಂಬ ಹೊತ್ತು ಕೂರಿಸಿಕೊಂಡಿದ್ದರು. ಇಂಥ ಸಣ್ಣಪುಟ್ಟ ಸಂಗತಿಗಳನ್ನು ಕೂಡಿಸಿ ಕಳೆದು, ತನಗೆ ಸೀಟು ಸಿಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಮರುದಿನ ಅವೇ ಸಂಗತಿಗಳಿಂದ ಸಿಗುತ್ತದೆ ಎಂಬ ತೀರ್ಮಾನ. ಅದರ ಮರುದಿನ ಮತ್ತೆ ಇಲ್ಲ.

ಪುಣೆಗೆ ಹೋಗಿ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಸಮಿತಿಯವರು ಅವಳಿಗೆ ಕೇಳಿದ ಪ್ರಶ್ನೆಗಳಲ್ಲೊಂದು: "ಮಂಗಳೂರಿನವಳು ನೀನು. ನಿಮ್ಮ ಊರಿನಲ್ಲಿ ಮಲೇರಿಯಾ ಯಾಕೆ ಅಷ್ಟು?" ಅವಳಿಗೆ ಇದು ಮನೆಯ ಮಾತಿನಷ್ಟು ಪರಿಚಯದ ವಿಷಯ. ಅವಳ ಮನೆಯ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕಟ್ಟಡದ ಕ್ಯೂರಿಂಗ್‌ಗೆ ನಿಲ್ಲಿಸುವ ನೀರು, ಮುಚ್ಚಳವಿಲ್ಲದ ಟ್ಯಾಂಕಿಗಳು, ಬಾವಿಗಳು, ಮಳೆಗಾಲದ ತೇವ, ಹೊರ ರಾಜ್ಯಗಳಿಂದ ಕೆಲಸಕ್ಕೆ ಬಂದವರಿಗೆ ತಪಾಸಣೆ-ಔಷಧ ತಡವಾಗಿ ಸಿಗುವುದು, ಎಲ್ಲವನ್ನೂ ಹೇಳಿದಳು. ಮರೆತದ್ದು ಸೊಳ್ಳೆಯ ಹೆಸರು ಮಾತ್ರ. ಅನಾಫಿಲಿಸ್ ಸ್ಟೀಫೆನ್ಸೈ, ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ. ನಿಂತ ಶುದ್ಧ ನೀರಿನಲ್ಲಿ ಮೊಟ್ಟೆ ಇಡುವುದು ಅದರ ಸ್ವಭಾವ, ಮಂಗಳೂರಿಗೆ ಅದು ಅಂಟಿಕೊಂಡಿರುವುದೂ ಅದಕ್ಕೇ. ಬಾಗಿಲು ದಾಟಿ ಹೊರಗೆ ಕಾಲಿಟ್ಟ ಕೂಡಲೇ ಆ ಹೆಸರು ನೆನಪಿಗೆ ಬಂತಂತೆ. ಹಲ್ಲಿನ ಸಂದಿಗೆ ಸಿಕ್ಕಿದ ನಾರಿನತ್ತ ನಾಲಿಗೆ ಹೋದ ಹಾಗೆ ಅವಳ ಮನಸ್ಸು ದಿನವಿಡೀ ಅಲ್ಲಿಗೇ ಹೋಗುತ್ತಿತ್ತು. ಸ್ಟಾಫ್ ರೂಮಿಗೆ ಬಂದು, "ಮೇಡಂ, ಸ್ಟೀಫೆನ್ಸೈ ಹೇಳ್ಲೇ ಇಲ್ಲ ನಾನು" ಎಂದಳು. ಎರಡು ದಿನ ಬಿಟ್ಟು ಬಂದು ಮತ್ತೆ ಅದನ್ನೇ ಹೇಳಿದಳು. ಅವಳ ರಫ್ ಪುಸ್ತಕದ ಹಿಂಬದಿಯ ಪುಟದಲ್ಲಿ ಆ ಹೆಸರು ಸಾಲು ಸಾಲಾಗಿ, ಶಾಲೆಯಲ್ಲಿ ತಪ್ಪಿಗೆ ಬರೆಸುವ ಇಂಪೊಸಿಷನ್ನಿನಂತೆ, ತುಂಬಿತ್ತು. ಸೊಳ್ಳೆಯ ಹೆಸರು ಕಾಲೇಜಿನ ಮೊದಲ ವರ್ಷಗಳಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಜ್ವರ ಬಂದ ಕೂಲಿಯಾಳು ಯಾಕೆ ತಡವಾಗಿ ಆಸ್ಪತ್ರೆಗೆ ಬರುತ್ತಾನೆಂದು ಹದಿನೆಂಟರ ಹುಡುಗಿ ತಾನೇ ನೋಡಿ ಹೇಳಿದ್ದು ದೊಡ್ಡ ಸಂಗತಿ. ಅದು ಅವಳ ಲೆಕ್ಕದಲ್ಲಿ ಇರಲೇ ಇಲ್ಲ.

ಇದು ಅವಳೊಬ್ಬಳ ಸ್ವಭಾವವಲ್ಲ. ಸಂದರ್ಶನದಿಂದ ಬಂದವರೆಲ್ಲರಲ್ಲೂ ಹೆಚ್ಚುಕಡಿಮೆ ಇದನ್ನೇ ಕಂಡಿದ್ದೇನೆ. ಮೊದಲ ಒಂದೆರಡು ತಾಸು ಹಗುರ. ಹಸಿವಾಗುತ್ತದೆ, ಮಾತು ಬರುತ್ತದೆ, ಒಳ್ಳೆಯದಾಯಿತು ಎನ್ನುತ್ತಾರೆ. ರಾತ್ರಿಯಾದ ಮೇಲೆ ಒಂದೊಂದೇ ಉತ್ತರ ಹಿಂದಿರುಗಿ ಬರುತ್ತದೆ, ಪ್ರತಿಯೊಂದೂ ಹೇಳಿದ್ದಕ್ಕಿಂತ ಕೆಟ್ಟದಾಗಿ. "ಡಾಕ್ಟರ್ ಯಾಕಾಗಬೇಕು?" ಎಂಬ ಪ್ರಶ್ನೆಗೆ ಕೊಟ್ಟ ಉತ್ತರವಂತೂ ಎಲ್ಲರನ್ನೂ ಕಾಡುತ್ತದೆ, ಅದು ಅಷ್ಟು ಒಳಗಿನ ಪ್ರಶ್ನೆ. ನೀಟ್‌ನಲ್ಲಿ ಅಂಕ ಹೋದರೆ ಭೌತಶಾಸ್ತ್ರ ಕೈಕೊಟ್ಟಿತು ಎನ್ನಬಹುದು. ಸಂದರ್ಶನದಲ್ಲಿ ಹೋದರೆ ತನ್ನನ್ನೇ ನೋಡಿ ಬೇಡ ಎಂದರು ಅನಿಸುತ್ತದೆ. ಮಗುವಿನ ಮಾತು, ನಡೆ, ಇಂಗ್ಲಿಷು, ಮನೆತನ ಎಲ್ಲದರ ಮೇಲೂ ಯಾರೋ ಗೀಟು ಎಳೆದಂತೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇದರ ಏಟು ಇನ್ನೂ ಜೋರು. ಕಾರ್ಕಳ, ಬೆಳ್ತಂಗಡಿ, ಬೈಂದೂರು ಕಡೆಯ ಮಕ್ಕಳು ವಿಷಯ ತಪ್ಪಿತು ಎಂದು ಅಳುವುದನ್ನು ನಾನು ಕಂಡದ್ದು ಕಡಿಮೆ, "ಮಾತು ತಡವರಿಸಿತು" ಎಂದು ಅಳುವುದೇ ಹೆಚ್ಚು.

ಹೀಗೆ ಒಳಗೊಳಗೇ ಬೇಯುತ್ತಿರುವ ಮಗು ಮನೆಗೆ ಬಂದಾಗ ಏನಾಗುತ್ತದೆ? ಅಪ್ಪ ಜಂಕ್ಷನ್ ರೈಲು ನಿಲ್ದಾಣದಲ್ಲೇ ಕೇಳುತ್ತಾರೆ, "ಎಂತ ಕೇಳಿದ್ರು?" ಮನೆಯಲ್ಲಿ ಅಜ್ಜಿ ತುಳುವಿನಲ್ಲಿ, "ದಾನೆ ಆಂಡ್?" ಪಕ್ಕದ ಮನೆಯಿಂದ ಕೊಂಕಣಿಯಲ್ಲಿ, "ಕಿತೆಂ ಜಾಲೆಂ?" ಎರಡರ ಅರ್ಥವೂ ಏನಾಯಿತು ಎಂದೇ. ದುಬೈಯಿಂದ ಮಾವ ವಿಡಿಯೋ ಕಾಲ್ ಮಾಡಿ, ಒಂದೊಂದೇ ಪ್ರಶ್ನೆ ಹೇಳು ಎಂದು ಕೂರುತ್ತಾರೆ. ಪ್ರಶ್ನೆ ಹೇಳಿದ ಮೇಲೆ, "ನೀನೇನು ಹೇಳಿದೆ?" ಹೇಳಿದ ಮೇಲೆ, "ಅಯ್ಯೋ, ಹಾಗೆ ಹೇಳೋದಾ? ಹೀಗೆ ಹೇಳಬೇಕಿತ್ತು." ಇವರು ಯಾರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ, ಮಗುವಿನ ಜೊತೆ ಅವರ ನಿದ್ದೆಯೂ ಹೋಗಿರುತ್ತದೆ. ಆದರೆ ನೀವು ಮಾಡುತ್ತಿರುವುದು ಇನ್ನೊಂದು ಸಂದರ್ಶನ. ಪುಣೆಯಲ್ಲಿ ಒಂದು ಸಮಿತಿಯ ಮುಂದೆ ಕೂತಿದ್ದ ಮಗು ಮನೆಯಲ್ಲಿ ನಾಲ್ಕು ಸಮಿತಿಗಳ ಮುಂದೆ ಕೂರುತ್ತದೆ, ಮತ್ತು ಈ ಸಮಿತಿಗಳ ಬಳಿಯೂ ಕೀ ಉತ್ತರವಿಲ್ಲ.

ರೈಲಿನಲ್ಲಿ ಬರುವ ಮಕ್ಕಳಿಗೆ ದಾರಿಯ ಹೊತ್ತಾದರೂ ಇರುತ್ತದೆ. ಕೊಂಕಣದ ಸುರಂಗಗಳು, ಒಂದು ನಿದ್ದೆ, ಕಿಟಕಿಯಾಚೆ ಮಳೆ. ಮನೆ ಮುಟ್ಟುವಷ್ಟರಲ್ಲಿ ಮನಸ್ಸು ಒಂದು ಹದಕ್ಕೆ ಬಂದಿರುತ್ತದೆ. ವಿದೇಶದ ಕಾಲೇಜುಗಳ ಸಂದರ್ಶನ ಕೋವಿಡ್‌ನಿಂದೀಚೆಗೆ ಹೆಚ್ಚಾಗಿ ಆನ್‌ಲೈನ್. ಬ್ರಿಟನ್ನಿನ ಬೆಳಿಗ್ಗೆ ಅಂದರೆ ಚಳಿಗಾಲದಲ್ಲಿ ನಮಗೆ ಐದೂವರೆ ಗಂಟೆ ಮುಂದೆ, ಮಧ್ಯಾಹ್ನ ಕಳೆದು ಸಂಜೆ. ಕದ್ರಿಯದ್ದೋ ಸುರತ್ಕಲ್‌ನದ್ದೋ ಒಂದು ಕೋಣೆ, ಫ್ಯಾನ್ ಸದ್ದು ಕೇಳಬಾರದೆಂದು ಅದನ್ನೂ ನಿಲ್ಲಿಸಿ ಬೆವರುತ್ತ ಕೂತ ಹುಡುಗ. ಅಲ್ಲಿನ ಹಲವು ಕಾಲೇಜುಗಳಲ್ಲಿ ಈಗ ಒಂದೇ ಸಮಿತಿ ಇರುವುದಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 2000ದ ದಶಕದ ಆರಂಭದಲ್ಲಿ ಹುಟ್ಟಿದ ಮಲ್ಟಿಪಲ್ ಮಿನಿ ಇಂಟರ್‌ವ್ಯೂ ಎಂಬ ಪದ್ಧತಿ ಹಬ್ಬಿದೆ. ಹಲವು ಪುಟ್ಟ ಸಂದರ್ಶನಗಳು, ಒಂದೊಂದಕ್ಕೂ ಕೆಲವೇ ನಿಮಿಷ, ಒಂದೊಂದರಲ್ಲೂ ಬೇರೆ ಬೇರೆ ಪರೀಕ್ಷಕರು. ನೆರೆಮನೆಯವರ ಬೆಕ್ಕು ನಿನ್ನ ಕಾರಿನಡಿಗೆ ಸಿಕ್ಕಿ ಸತ್ತಿದೆ, ಅವರಿಗೆ ಹೇಗೆ ಹೇಳುತ್ತೀ ಎಂಬಂಥ ಸನ್ನಿವೇಶಗಳನ್ನು ಕೊಡುತ್ತಾರೆ. ಒಬ್ಬರ ಒಲವು-ಮುನಿಸು ಇಡೀ ಫಲಿತಾಂಶವನ್ನು ಕೆಡಿಸಬಾರದು ಎಂಬುದು ಅದರ ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಮಗುವಿನ ಮಟ್ಟಿಗೆ ಮೆಲುಕು ಹಾಕಲು ಒಂದರ ಬದಲು ಏಳೆಂಟು ಬಾಗಿಲುಗಳಾದವು. ಲ್ಯಾಪ್‌ಟಾಪ್ ಮುಚ್ಚಿ ಕೋಣೆಯ ಬಾಗಿಲು ತೆರೆದರೆ ಅಮ್ಮ ಎದುರಿಗೇ ನಿಂತಿದ್ದಾರೆ. ಉಸಿರು ಬಿಡಲೂ ಜಾಗವಿಲ್ಲ. ಹೀಗಾಗಿ ಆನ್‌ಲೈನ್ ಸಂದರ್ಶನದ ಮಕ್ಕಳ ಹೆತ್ತವರಿಗೆ ನನ್ನ ವಿಶೇಷ ಕೋರಿಕೆ: ಆ ಹೊತ್ತಿಗೆ ನೀವು ಒಂದು ಗಂಟೆ ಮನೆಯಿಂದ ಹೊರಗೆ ಹೋಗಿ. ಮಾರ್ಕೆಟ್ಟಿಗೆ ಹೋಗಿ, ಪಣಂಬೂರು ಬೀಚಿಗೆ ಹೋಗಿ. ಹುಡುಗ ತಾನಾಗಿ ಹೊರಬರಲಿ.

ಸಂದರ್ಶನದ ನಂತರ ಮಗುವಿಗೆ ಅನಿಸುವುದಕ್ಕೂ ಫಲಿತಾಂಶಕ್ಕೂ ಸಂಬಂಧ ಕಡಿಮೆ ಎಂಬುದನ್ನು ನಾನು ಅನುಭವದಿಂದ ಮಾತ್ರ ಹೇಳುತ್ತಿಲ್ಲ. 2018ರಲ್ಲಿ ಪ್ರಕಟವಾದ ಒಂದು ಮನಶ್ಶಾಸ್ತ್ರ ಅಧ್ಯಯನದಲ್ಲಿ, ಅಪರಿಚಿತರು ಪರಸ್ಪರ ಮಾತಾಡಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು. ಎದುರಿನವರು ತಮ್ಮನ್ನು ಎಷ್ಟು ಮೆಚ್ಚಿದ್ದಾರೆಂದು ಜನ ಊಹಿಸಿದರೋ, ನಿಜದಲ್ಲಿ ಅದಕ್ಕಿಂತ ಹೆಚ್ಚೇ ಮೆಚ್ಚಿದ್ದರು. ಸಾಮಾನ್ಯ ಮಾತುಕತೆಯಲ್ಲೇ ನಮ್ಮ ಅಂದಾಜು ಹೀಗೆ ಕೆಳಮುಖವಾಗಿದ್ದರೆ, ಬದುಕಿನ ದಾರಿ ನಿರ್ಧರಿಸುವ ಮಾತುಕತೆಯಲ್ಲಿ ಇನ್ನೇನಾದೀತು? ಟೊರಾಂಟೊ ವಿಶ್ವವಿದ್ಯಾಲಯದ ವೈದ್ಯಕೀಯ ಪ್ರವೇಶ ಸಂದರ್ಶನಗಳ ಬಗ್ಗೆ 2009ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ಮಂಗಳೂರಿನವರಿಗೆ ಕುತೂಹಲ ಹುಟ್ಟಿಸೀತು: ಮಳೆ ಬಂದ ದಿನ ಸಂದರ್ಶನಕ್ಕೆ ಹೋದವರಿಗೆ ಬಿಸಿಲಿನ ದಿನದವರಿಗಿಂತ ಸ್ವಲ್ಪ ಕಡಿಮೆ ಅಂಕ ಬಿದ್ದಿತ್ತು. ಮಗು ತನ್ನದೇ ದೋಷವೆಂದು ಹೊತ್ತುಕೊಂಡು ಬರುವುದರಲ್ಲಿ ಆಕಾಶದ ಮೋಡದ ಪಾಲೂ ಇರಬಹುದು ಎಂದಾಯಿತು.

ಇದಕ್ಕಿಂತ ನನಗೆ ಮುಖ್ಯವೆನಿಸುವುದು ಅಮೆರಿಕದ ಹ್ಯೂಸ್ಟನ್ ನಗರದ ಕಥೆ. 1979ರಲ್ಲಿ ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸುಮಾರು 800 ಮಂದಿಯ ಸಂದರ್ಶನ ಮಾಡಿ 150 ಮಂದಿಯನ್ನು ಆರಿಸಿಕೊಂಡಿತ್ತು. ಅಷ್ಟರಲ್ಲಿ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಿ ಎಂದು ರಾಜ್ಯದ ಶಾಸನಸಭೆ ಹೇಳಿತು. ಒಳ್ಳೆಯ ಕ್ರಮಾಂಕದವರೆಲ್ಲ ಬೇರೆ ಕಡೆ ಸೇರಿಯಾಗಿತ್ತು. ಪಟ್ಟಿಯ ಕೊನೆಯ ಭಾಗದಲ್ಲಿದ್ದವರನ್ನು, ಅಂದರೆ ಒಮ್ಮೆ ಬೇಡ ಎಂದವರನ್ನೇ, ಮತ್ತೆ ಕರೆಯಬೇಕಾಯಿತು. ಎರಡೂ ಗುಂಪಿನ ಮಕ್ಕಳು ಓದಿ ಮುಗಿಸಿದರು, ತರಬೇತಿಯನ್ನೂ ಮಾಡಿದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಇಬ್ಬರ ಸಾಧನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಆರಂಭದಲ್ಲಿ ಅವರನ್ನು ಬೇರೆ ಮಾಡಿದ್ದು ಬಹುಪಾಲು ಸಂದರ್ಶನದ ಅಂಕ. 1987ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೇ ಇದನ್ನು ಪ್ರಕಟಿಸಿತು. ಸಂದರ್ಶನದಿಂದ ಬಂದ ಪ್ರತಿ ಮಗುವಿಗೂ ನಾನು ಈ ಕಥೆ ಹೇಳುತ್ತೇನೆ. ಅವತ್ತೇ ಅಲ್ಲ, ಕೇಳಿಸಿಕೊಳ್ಳುವ ಸ್ಥಿತಿಗೆ ಬಂದ ಮೇಲೆ.

ಸಹೋದ್ಯೋಗಿಗಳೇ, ನಮ್ಮ ಪಾಲಿನ ಕೆಲಸವೂ ಇದೆ. ಮಾಕ್ ಇಂಟರ್‌ವ್ಯೂ ಮಾಡಿಸುವಾಗ ನಾವು ಟೈ ಹೇಗೆ ಕಟ್ಟಬೇಕು, ಕೈ ಎಲ್ಲಿಡಬೇಕು ಎಂಬುದನ್ನೆಲ್ಲ ಹೇಳಿಕೊಡುತ್ತೇವೆ. ಹೊರಬಂದ ಮೇಲೆ ಮನಸ್ಸು ಏನು ಮಾಡುತ್ತದೆ ಎಂಬುದನ್ನೂ ಆಗಲೇ ಹೇಳಿಕೊಡೋಣ. ಈ ಮೆಲುಕು ಎಲ್ಲರಿಗೂ ಬರುತ್ತದೆ, ಒಳ್ಳೆಯದಾಗಿ ಮಾಡಿದವರಿಗೂ ಬರುತ್ತದೆ ಎಂದು ಮೊದಲೇ ಗೊತ್ತಿದ್ದ ಮಗು ಅದು ಬಂದಾಗ ಅಷ್ಟೊಂದು ಬೆದರುವುದಿಲ್ಲ. ಇನ್ನು, ಫಲಿತಾಂಶ ಬರುವ ಮುಂಚೆಯೇ "ಎಎಫ್‌ಎಂಸಿ ಸಂದರ್ಶನಕ್ಕೆ ಆಯ್ಕೆ" ಎಂದು ಮಗುವಿನ ಫೋಟೋ ಹಾಕಿ ಹಂಪನಕಟ್ಟೆಯಲ್ಲಿ ಫ್ಲೆಕ್ಸ್ ಕಟ್ಟುವ ಸಂಸ್ಥೆಗಳಿಗೆ ನನ್ನ ಕಳಕಳಿಯ ವಿನಂತಿ: ದಯವಿಟ್ಟು ನಿಲ್ಲಿಸಿ. ಸಂದರ್ಶನಕ್ಕೆ ಕರೆ ಬಂದ ಹತ್ತರಲ್ಲಿ ಒಂಬತ್ತು ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಾರೆ, ಅಲ್ಲಿನ ಲೆಕ್ಕವೇ ಹಾಗಿದೆ. ಹುಡುಗಿಯರಿಗಂತೂ ಸೀಟು ಕಡಿಮೆ, ಸುಮಾರು 145ರಲ್ಲಿ 30. ಆ ಒಂಬತ್ತು ಮಂದಿ ಆಮೇಲೂ ಅದೇ ಫ್ಲೆಕ್ಸಿನ ಕೆಳಗೆ ನಡೆದು ಬಸ್ ಹತ್ತಬೇಕು.

ಹೆತ್ತವರೇ, ಏನು ಮಾಡಬೇಕೆಂದು ಕೇಳುವಿರಾದರೆ, ಹೆಚ್ಚೇನೂ ಬೇಡ. ಬಂದ ಕೂಡಲೇ ಊಟ ಬಡಿಸಿ. ಬೇಕಾದರೆ ಗಂಜಿ-ಚಟ್ನಿಯೇ ಸಾಕು, ಹೊರಗಿನ ಊಟ ಉಂಡು ಬಂದ ಮಗುವಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ತಾನಾಗಿ ಹೇಳಿದರೆ ಕೊನೆಯವರೆಗೆ ಕೇಳಿ, ನಡುವೆ ತಿದ್ದಬೇಡಿ. "ಖಂಡಿತ ಸಿಗುತ್ತದೆ" ಎನ್ನಬೇಡಿ. ಅದು ಧೈರ್ಯದ ಮಾತೆಂದು ನಿಮಗನಿಸುತ್ತದೆ, ಸಿಗದಿದ್ದರೆ ನಿಮ್ಮ ಮಾತನ್ನೂ ಸುಳ್ಳು ಮಾಡಿದೆನಲ್ಲ ಎಂಬ ಇನ್ನೊಂದು ಭಾರ ಅದರ ತಲೆಗೆ ಬೀಳುತ್ತದೆ. ನೆಂಟರ ಫೋನು ನೀವೇ ಎತ್ತಿಕೊಳ್ಳಿ. "ಆಯ್ತು, ಬಂದಿದ್ದಾಳೆ, ಫಲಿತಾಂಶ ಬಂದಾಗ ಹೇಳುತ್ತೇವೆ" ಎಂದು ಮುಗಿಸಿ. ಕೌನ್ಸೆಲಿಂಗ್‌ನ ಆಯ್ಕೆ ನಮೂದಿಸುವುದು, ದಾಖಲೆ, ಶುಲ್ಕದ ಗಡುವು ಇವೆಲ್ಲ ಸಾಮಾನ್ಯವಾಗಿ ಇದೇ ದಿನಗಳಿಗೆ ಬಂದು ಬೀಳುತ್ತವೆ. ಅದರ ಓಡಾಟವನ್ನು ಮಗುವಿನ ತಲೆಯ ಮೇಲೆ ಹೇರದೆ ನೀವು ನೋಡಿಕೊಂಡರೆ ಅದೇ ದೊಡ್ಡ ಉಪಕಾರ. ಎರಡು ವರ್ಷ ಗಂಟೆ ಗಂಟೆಗೆ ಟೈಮ್‌ಟೇಬಲ್ ಇಟ್ಟುಕೊಂಡು ಬದುಕಿದ ಮಗುವಿಗೆ ಒಮ್ಮೆಲೇ ಓದಲು ಏನೂ ಇಲ್ಲದ ದಿನಗಳು ಬರುತ್ತವೆ. ಅವು ಮಗುವಿಗೆ ರಜೆಯಂತೆ ಅನಿಸುವುದಿಲ್ಲ. ಈಜಾಗಲಿ, ಅಡುಗೆಯಾಗಲಿ, ಯಕ್ಷಗಾನದ ತರಗತಿಯಾಗಲಿ, ಕೈಗೆ ಒಂದು ಕೆಲಸವಿರಲಿ.

ಕೆಲವು ಮಕ್ಕಳಿಗೆ ಇಷ್ಟರಿಂದ ಸರಿಹೋಗುವುದಿಲ್ಲ. ಎರಡು ವಾರ ಕಳೆದರೂ ಊಟ ಸೇರದೆ, ನಿದ್ದೆ ಬಾರದೆ, ಗೆಳೆಯರಿಂದ ದೂರ ಸರಿಯುತ್ತಿದ್ದರೆ, "ನಾನು ಇದ್ದೂ ಏನು ಪ್ರಯೋಜನ" ಎಂಬಂಥ ಮಾತು ಒಮ್ಮೆ ಬಾಯಿಂದ ಬಂದರೂ, ಅದನ್ನು ಸೋಮಾರಿತನ, ಹಟ ಎಂದು ತಳ್ಳಿಹಾಕಬೇಡಿ. ಬೈಯಲೂ ಬೇಡಿ. ಆ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯೂ ಇಲ್ಲ, ಅವತ್ತೇ ಸಹಾಯ ಪಡೆಯಿರಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಮಂಗಳೂರು, ಮಣಿಪಾಲದಂಥ ಊರುಗಳಲ್ಲಿ ಮನೋವೈದ್ಯರ ಕೊರತೆಯಿಲ್ಲ. ವೈದ್ಯಳಾಗಲು ಹೊರಟ ಮಗು ವೈದ್ಯರ ಬಳಿ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನಿದೆ?

ಇನ್ನು ಸಂದರ್ಶನ ಸಮಿತಿಗಳ ಹಿರಿಯರಿಗೆ ನನ್ನ ಮಾತು. ಕೀ ಉತ್ತರ ಇರುವುದು ನಿಮ್ಮ ಬಳಿ ಮಾತ್ರ.

ಇದು ಹೊಸ ಜಗಳವೇನಲ್ಲ, ನಮ್ಮ ರಾಜ್ಯದ್ದೇ ಹಳೆಯ ಜಗಳ. 1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ಇಟ್ಟಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟು ಅಂಕ ಸಂದರ್ಶನಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ಸಮಾಜಸೇವೆ, ಚರ್ಚೆ, ನಾಟಕ ಎಲ್ಲವನ್ನೂ ಅದರಲ್ಲೇ ಅಳೆಯಬೇಕು. ಸೀಟು ಸಿಗದ ವಿದ್ಯಾರ್ಥಿನಿ ಚಿತ್ರಲೇಖಾ ಮತ್ತಿತರರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ನ್ಯಾಯಾಲಯ ಸಂದರ್ಶನದ ಪದ್ಧತಿಯನ್ನು ಒಪ್ಪಿಕೊಂಡಿತು. ಮುಂದೆ 1980ರ ನವೆಂಬರ್‌ನಲ್ಲಿ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಬಗ್ಗೆ ಅಜಯ್ ಹಾಸಿಯಾ ಪ್ರಕರಣ ಬಂದಾಗ ಅದೇ ನ್ಯಾಯಾಲಯ ಕಠಿಣವಾಗಿ ಮಾತಾಡಿತು. ಅಲ್ಲಿ ಒಟ್ಟು 150ರಲ್ಲಿ 50 ಅಂಕ ಸಂದರ್ಶನಕ್ಕೆ ಇತ್ತು. ಎರಡು-ಮೂರು ನಿಮಿಷದಲ್ಲಿ, ತಂದೆ ಯಾರು, ಮನೆ ಎಲ್ಲಿ ಎಂದು ಕೇಳಿ ಮಕ್ಕಳನ್ನು ಕಳಿಸಿದ್ದರು. ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಸರಿಯಲ್ಲ ಎಂದ ನ್ಯಾಯಾಲಯ, ಸಂದರ್ಶನಗಳನ್ನು ಟೇಪ್ ರೆಕಾರ್ಡ್ ಮಾಡಿಡುವುದು ಒಳ್ಳೆಯದು ಎಂದೂ ಹೇಳಿತು. ಟೇಪ್ ಹೋಗಿ ಮೊಬೈಲ್ ಬಂದು ಎಷ್ಟೋ ಕಾಲವಾಯಿತು. ಬರೆದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಎಂದು 2011ರಲ್ಲೇ ತೀರ್ಪಾಗಿದೆ. ಆಡಿದ ಉತ್ತರದ ವಿಷಯದಲ್ಲಿ ಮಾತ್ರ ಮಗು ಇನ್ನೂ ಕತ್ತಲಲ್ಲಿದೆ.

ಸಂದರ್ಶನ ಬೇಡ ಎನ್ನುವವಳಲ್ಲ ನಾನು. ರೋಗಿಯ ಎದುರು ಕೂತು ಮಾತಾಡಬೇಕಾದವರನ್ನು ಒಮ್ಮೆ ಎದುರು ಕೂರಿಸಿ ಮಾತಾಡಿಸುವುದರಲ್ಲಿ ಅರ್ಥವಿದೆ. ವೆನ್ಲಾಕ್ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರಿಗೆ, ಅಂಕಪಟ್ಟಿಯಲ್ಲಿ ಕಾಣದ ಎಷ್ಟು ಗುಣಗಳು ವೈದ್ಯರಿಗೆ ಬೇಕೆಂದು ಗೊತ್ತಾಗುತ್ತದೆ. ನನ್ನ ಬೇಡಿಕೆ ಸಣ್ಣದು. ನೀವು ಏನನ್ನು ಅಳೆಯುತ್ತೀರಿ, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಕರೆಪತ್ರದ ಜೊತೆಗೇ ಕಳಿಸಿ. ಎಲ್ಲ ಪ್ರಶ್ನೆ ಮುಗಿದ ಮೇಲೆ, ಹೇಳಬೇಕೆಂದಿದ್ದು ಏನಾದರೂ ಉಳಿದಿದೆಯೇ ಎಂದು ಪ್ರತಿ ಮಗುವನ್ನೂ ಕೇಳಿ. ಆ ಒಂದು ನಿಮಿಷ ಸಿಕ್ಕಿದ್ದರೆ ನನ್ನ ವಿದ್ಯಾರ್ಥಿನಿಗೆ ಸ್ಟೀಫೆನ್ಸೈ ನೆನಪಿಗೆ ಬರುತ್ತಿತ್ತೋ ಏನೋ. ಫಲಿತಾಂಶ ಯಾವ ದಿನ ಎಂದು ಕೋಣೆಯಿಂದ ಕಳಿಸುವ ಮುಂಚೆ ಹೇಳಿ, ಆ ದಿನ ತಪ್ಪುವುದಾದರೆ ಒಂದು ಎಸ್‌ಎಂಎಸ್ ಹಾಕಿ. ದಿನ ಗೊತ್ತಿಲ್ಲದೆ ಕಾಯುವ ಮಗು ಜಾಲತಾಣದ ಪುಟವನ್ನು ರಾತ್ರಿ ಎರಡು ಗಂಟೆಗೂ ರಿಫ್ರೆಶ್ ಮಾಡುತ್ತ ಕೂರುತ್ತದೆ.

ಪಟ್ಟಿ ಹೊರಬಿದ್ದ ದಿನ, ಆಯ್ಕೆಯಾಗದ ಮಗುವಿಗೂ ಅದರ ಸಂದರ್ಶನದ ಅಂಕವನ್ನು ವಿಭಾಗವಾರು ಕಳಿಸಿಕೊಡಿ. ಸಂವಹನಕ್ಕೆ ಇಷ್ಟು, ವಿಷಯಜ್ಞಾನಕ್ಕೆ ಇಷ್ಟು, ಸನ್ನಿವೇಶ ನಿಭಾಯಿಸಿದ್ದಕ್ಕೆ ಇಷ್ಟು ಎಂದು ಬರೆದರೆ ಸಾಕು. ಅಂಕವನ್ನು ನೀವು ಹೇಗಿದ್ದರೂ ಹಾಕಿಯೇ ಇರುತ್ತೀರಿ, ಹಾಳೆಯಲ್ಲಿದ್ದದ್ದನ್ನು ಇಮೇಲಿಗೆ ದಾಟಿಸುವ ಕೆಲಸವಷ್ಟೇ ಉಳಿದಿರುವುದು. ಈ ವರ್ಷದ ಅಭ್ಯರ್ಥಿಗಳಿಂದಲೇ ಅದನ್ನು ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಪಿಯು ಕಾಲೇಜೊಂದರ ಜೀವಶಾಸ್ತ್ರ ಉಪನ್ಯಾಸಕಿ,
ಮಂಗಳೂರು